ಕೆಂಚಕ್ಕನ ಮಗ್ಗಕ್ಕೆ ಕಾಲು

ಜುಲೈ 14, ಭಾನುವಾರ

ಬೇವಿನ ಹಲಗೆ ಕೀಸಿ ಮುಗಿಸಿದೆ. ಗಂಟಲಲ್ಲೆಲ್ಲ ಕಹಿ. ಸ್ಟೂಲಿನ ಮೂರನೇ ಕಾಲು ಒಂದೇ ಏಟಿಗೆ ಕೂತಿತು. ಶಹನವಾಜ್ ನೋಡಲಿ ಎಂದು ಬಿಚ್ಚಿ ಇನ್ನೊಮ್ಮೆ ಕೂರಿಸಿದೆ. ನೋಡಲಿಲ್ಲ. ತಮ್ಮಂದಿರೇ ಹಾಗೆ.

ಅವನ ಗ್ಯಾರೇಜಿನ ಹಿಂದಿನ ತಗಡಿನ ಶೆಡ್ಡು ಭಾನುವಾರ ನಮ್ಮದು. ವಾರವೆಲ್ಲ ಅವನು ಬೈಕ್ ಬಿಚ್ಚುತ್ತಾನೆ, ನಾನು ಚಳ್ಳಕೆರೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತೇನೆ, ದಾಸಣ್ಣ ಮೊಳಕಾಲ್ಮೂರು ಬಸ್ ಓಡಿಸುತ್ತಾನೆ, ನನ್ನಿವಾಳದ ಗಾದ್ರಪ್ಪನವರು ದನ-ಕುರಿಗಳಿಗೆ ಇಂಜೆಕ್ಷನ್ ಕೊಡುತ್ತ ಊರೂರು ತಿರುಗುತ್ತಾರೆ. ಭಾನುವಾರ ಮಾತ್ರ ಎಲ್ಲರ ತಲೆಯ ಮೇಲೂ ಒಂದೇ ಮರದ ಹೊಟ್ಟು. ಬಡಗಿಗಳಾ ಅಂತ ಕೇಳುತ್ತಾರೆ. ಅಲ್ಲ. ಮತ್ಯಾಕೆ ಇದೆಲ್ಲ? ದಾಸಣ್ಣನ ಉತ್ತರ ಚೆನ್ನ: "ಎಷ್ಟು ದೂರ ಬಸ್ ಓಡಿಸಿದ್ರೂ ಸಾಯಂಕಾಲ ಹೊರಟ ಜಾಗಕ್ಕೇ ಬಂದಿರ್ತೀನಿ ಕಣ್ರಿ. ಇಲ್ಲಿ ಏನಾದ್ರೂ ಒಂದು ಉಳಿದಿರ್ತೈತೆ."

ಮನೆಗೆ ಬಂದರೆ ಅಮ್ಮಿಯ ಗೊಣಗಾಟ. "ಹಸ್ಪತಾಲ್ ಕಾ ಕಾಮ್ ಬಸ್ ನೈ ಕ್ಯಾ ತೇರೆಕು?" ಆಸ್ಪತ್ರೆ ಕೆಲಸ ಸಾಲದಾ ನಿನಗೆ ಅಂತ. ಸಾಲದು. ಎದುರಿಗೆ ಹೇಳಲಿಲ್ಲ, ಇಲ್ಲಿ ಬರೆದೆ. ಕನ್ನಡದಲ್ಲಿ ಬರೆಯುವ ಲಾಭ ಇದೇ – ಅಮ್ಮಿಗೆ ಓದಲು ಬರುವುದಿಲ್ಲ, ಶಹನವಾಜ್‌ಗೆ ಪುರುಸೊತ್ತಿಲ್ಲ.

ಜುಲೈ 18, ಗುರುವಾರ

ಊಟದ ಡಬ್ಬಿ ತೆಗೆಯುವಷ್ಟರಲ್ಲಿ ಸ್ಟ್ರೆಚರ್. ಪಕ್ಕದಲ್ಲಿ ದಾಸಣ್ಣ, ಖಾಕಿ ಅಂಗಿಯಲ್ಲೇ. ಮಲಗಿದ್ದವರು ಅವನ ಅಕ್ಕ, ಕೆಂಚಕ್ಕ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು. ಅವರದು ಗುಂಡಿ ಮಗ್ಗ – ನೆಲದ ಮಟ್ಟಕ್ಕೆ ಕೂತು, ಕಾಲು ಗುಂಡಿಯೊಳಗೆ ಇಳಿಬಿಟ್ಟು ತುಳಿಯುವುದು. ಬೆಳಿಗ್ಗೆ ಗುಂಡಿಯಿಂದ ಏಳುವಾಗ ಜಾರಿದ್ದಾರೆ.

ಎಕ್ಸ್‌ರೇ ತೆಗೆದು ನೋಡಿದೆ. ತೊಡೆಯ ಮೂಳೆ, ಸೊಂಟದ ಬುಡದಲ್ಲೇ. ಹೇಳಬೇಕಾದವರು ಡಾಕ್ಟರ್, ನಾನಲ್ಲ. ಆದರೆ ಕೆಂಚಕ್ಕ ನನ್ನ ಮುಖ ನೋಡುತ್ತಿದ್ದರು.

"ಮುರಿದೈತಲ್ಲಮ್ಮಾ?"

"ಡಾಕ್ಟರ್ ಹೇಳ್ತಾರೆ, ಕೆಂಚಕ್ಕ."

"ಮಗ್ಗದ ಮೇಲೆ ಅರ್ಧ ಸೀರೆ ಐತೆ. ಅದಕ್ಕೆ ಯಾರು ಹೇಳ್ತಾರೆ?"

ಚಿತ್ರದುರ್ಗಕ್ಕೆ ಕಳಿಸಿದರು. ಆಪರೇಷನ್ ಆಗಲೇಬೇಕು. ಡಬ್ಬಿ ಹಾಗೇ ಮನೆಗೆ ಬಂತು.

ಸೆಪ್ಟೆಂಬರ್ 1, ಭಾನುವಾರ

ಶೆಡ್ಡಿಗೆ ರಜೆ. ದಾಸಣ್ಣನ ಜೊತೆ ಮೊಳಕಾಲ್ಮೂರಿಗೆ ಹೋದೆ. ಇವತ್ತು ಅವನು ಬರೀ ಪ್ಯಾಸೆಂಜರ್. ಡ್ರೈವರ್ ಗೇರ್ ಹಾಕಿದಾಗಲೆಲ್ಲ ಹಲ್ಲು ಕಚ್ಚುತ್ತಿದ್ದ.

ಕೆಂಚಕ್ಕ ವಾಕರ್ ಹಿಡಿದು ಬಾಗಿಲಿಗೇ ಬಂದರು. "ರಾ ಅಮ್ಮಾ, ಕೂರ್ಚೋ." ಬಾ, ಕೂತ್ಕೋ ಅಂತ. ಗಡಿಯ ಊರು, ಪ್ರೀತಿ ಬಂದರೆ ತೆಲುಗು. ಖುಷಿಯಾಗಿದ್ದಾರೆ ಅಂದುಕೊಂಡೆ. ಮಗ್ಗದ ಕೋಣೆ ನೋಡುವವರೆಗೆ.

ಗುಂಡಿ ಇಲ್ಲ. ಸಿಮೆಂಟ್. ಮಗ್ಗ ಬಿಚ್ಚಿ ಗೋಡೆಗೆ ಒರಗಿಸಿದೆ. ಅರ್ಧ ನೇಯ್ದ ಸೀರೆ ಬಿಳಿ ಪಂಚೆಯಲ್ಲಿ ಸುತ್ತಿಕೊಂಡು ತೊಲೆಗೆ ನೇತುಬಿದ್ದಿದೆ. ಮಗ ಪಾಲಾಕ್ಷ, ಅವ್ವ ಆಸ್ಪತ್ರೆಯಲ್ಲಿದ್ದಾಗಲೇ ಗುಂಡಿ ಮುಚ್ಚಿಸಿಬಿಟ್ಟಿದ್ದಾನೆ. ಸೋಲಾರ್ ಪ್ಲಾಂಟಿನಲ್ಲಿ ಕೆಲಸ ಅವನಿಗೆ.

"ಕೇಳ್ದೇ ಮುಚ್ಚಿದ್ಯಲ್ಲೋ ಪಾಲಾಕ್ಷ" ಅಂದ ದಾಸಣ್ಣ.

"ಕೇಳಿದ್ರೆ ಬ್ಯಾಡ ಅಂತಿತ್ತು. ಅವ್ವ ಬಿದ್ದಾಗ ಎತ್ತಿದೋನು ನಾನು, ಮಾವ. ಆ ಕೂಗು ಕೇಳಿದೋನು ನಾನು. ಇನ್ನೊಂದ್ಸಲ ಕೇಳಕ್ಕೆ ನನ್ ಕೈಲಿ ಆಗಲ್ಲ."

ಬೈಯಲು ಬಾಯಿ ತೆರೆದಿದ್ದೆ. ಮುಚ್ಚಿಕೊಂಡೆ.

ವಾಕರ್ ಮೇಲಿದ್ದ ಕೆಂಚಕ್ಕನ ಬೆರಳುಗಳು ಏನನ್ನೋ ಎಳೆಯುತ್ತಿದ್ದವು, ಬಿಡುತ್ತಿದ್ದವು.

ವಾಪಸ್ ಬರುವಾಗ ಬಸ್ಸಿನಲ್ಲೇ ಹೇಳಿದೆ – ದಾಸಣ್ಣ, ಅಕ್ಕ ಗುಂಡಿಗೆ ಇಳಿಯುವ ಹಾಗಿಲ್ಲ. ಮಗ್ಗ ಮೇಲಕ್ಕೆ ಬರಬಹುದಲ್ಲ? ಅದಕ್ಕೆ ಕಾಲು ಕೊಡೋಣ. ಅವರು ಕುರ್ಚಿ ಎತ್ತರದಲ್ಲಿ ಕೂರಲಿ. ಡಾಕ್ಟರರನ್ನು ಕೇಳಿಯೇ ಮಾಡೋಣ.

"ಆಗ್ತೈತಾ, ತಬಸ್ಸುಮ್ ಮೇಡಂ?"

ಆಗುತ್ತದೆ. ನಾನು ಮಾಡಿದರೆ ಆಗುತ್ತದೆ.

ಸೆಪ್ಟೆಂಬರ್ 22, ಭಾನುವಾರ

ಡಾಕ್ಟರ್ ಒಪ್ಪಿದ್ದಾರೆ – ಎತ್ತರದಲ್ಲಿ ಕೂತು, ಮೆಲ್ಲಗೆ, ಸ್ವಲ್ಪ ಸ್ವಲ್ಪ ಹೊತ್ತು.

ಗಾದ್ರಪ್ಪನವರು ಒಣಗಿದ ಜಾಲಿ ತೊಲೆ ಕೊಟ್ಟರು. ಕಬ್ಬಿಣದಂಥ ಮರ. ಗರಗಸ ಅಳುತ್ತದೆ. ಶಹನವಾಜ್ ಜೊತೆ ಜಗಳ ಆಯಿತು.

"ಆಪಾ, ಮೂಲೆಗೊಂದು ಬೋಲ್ಟ್ ಹಾಕಿದ್ರೆ ಮುಗೀತು."

"ಬೋಲ್ಟ್ ಹಾಕೋದು ನಿನ್ನ ಗ್ಯಾರೇಜಲ್ಲಿ. ಇಲ್ಲಿ ಮರಕ್ಕೆ ಮರವೇ ಕಚ್ಚಬೇಕು."

"ಮಗ್ಗಕ್ಕೆ ಗೊತ್ತಾಗ್ತದಾ ಕಚ್ಚಿದ್ದು ಮರಾನೋ ಕಬ್ಬಿಣಾನೋ?"

"ನನಗೆ ಗೊತ್ತಾಗ್ತದೆ."

ಗಾದ್ರಪ್ಪನವರು ನಡುವೆ ಬಂದು ಟೀ ತರಿಸಿದರು. ಕುರಿ ಜಗಳ ಬಿಡಿಸುವವರ ಗತ್ತೇ ಬೇರೆ. ನಾನು ಬಗ್ಗಲಿಲ್ಲ. ಕಚ್ಚು ಕೊರೆದೆ, ಬೆಣೆ ಹೊಡೆದೆ. ಚೌಕಟ್ಟಿನ ಮೇಲೆ ನಾಲ್ವರೂ ಹತ್ತಿ ನಿಂತೆವು. ಕಿರ್ ಎನ್ನಲಿಲ್ಲ. ಈ ತಾಲ್ಲೂಕಿನಲ್ಲಿ ಇಂಥ ಕಚ್ಚು ಕೊರೆಯುವವರು ಯಾರಿದ್ದಾರೆ, ಬರಲಿ, ನೋಡೋಣ.

ಅಕ್ಟೋಬರ್ 6, ಭಾನುವಾರ

ಬರೆಯಲು ಮನಸ್ಸಿಲ್ಲ. ಆದರೂ...

ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಒಯ್ದೆವು. ನನ್ನ ಚೌಕಟ್ಟಿನ ಮೇಲೆ ಅವರ ಮಗ್ಗ ಕೂತಿತು. ಅಳತೆ ಸರಿ, ಮಟ್ಟ ಸರಿ. ಅರ್ಧ ಸೀರೆಯನ್ನೂ ಮತ್ತೆ ಮಗ್ಗಕ್ಕೆ ಏರಿಸಿದ್ದಾಯಿತು. ಬೇವಿನ ಆಸನಕ್ಕೆ ಕೆಂಚಕ್ಕ ಹೊಸ ಸೀರೆಯುಟ್ಟು ಬಂದು ಕೂತರು. ಓಣಿಯವರೆಲ್ಲ ಕಿಟಕಿಯಲ್ಲಿ. ಒಮ್ಮೆ ತುಳಿದರು, ಲಾಳಿ ಎಸೆದರು, ನೇಯ್ಗೆ ಬಿಗಿಸುವ ಹಲಗೆ ಎಳೆದು ಬಡಿದರು.

ಮಗ್ಗ ನಡೆಯಿತು! ನಿಜಕ್ಕೂ ನಡೆಯಿತು. ಒಂದೊಂದು ಬಡಿತಕ್ಕೂ ನುಣುಪು ಸಿಮೆಂಟಿನ ಮೇಲೆ ಸರ್ರನೆ ಜಾರುತ್ತಿತ್ತು. ಮೊದಲು ಮಗ್ಗದ ಗೂಟಗಳು ಮಣ್ಣಿನೊಳಗೆ ಹೂತಿದ್ದವು, ಇದಕ್ಕೆ ಹಿಡಿತವೇ ಇಲ್ಲ. ಅಡ್ಡಡ್ಡ ಎಳೆದು ಎಳೆದು ಕಚ್ಚುಗಳೂ ಸಡಿಲಾದವು. ನನ್ನ ಕಚ್ಚುಗಳು. ಬೆಣೆಯೊಂದು ಹಾರಿ ಕಿಟಕಿಗೆ ಬಿತ್ತು. ರೇಷ್ಮೆ ಎಳೆಗಳು ಪಟಪಟ ಹರಿದವು.

ಕಿಟಕಿಯಲ್ಲಿ ಯಾರೋ ನಕ್ಕರು.

ಪಾಲಾಕ್ಷ ಅವ್ವನ ರಟ್ಟೆ ಹಿಡಿದು ಎಬ್ಬಿಸಿದ. "ಸಾಕು ಬಿಡ್ರಿ, ಮೇಡಂ. ಅವ್ವಂಗೆ ಆಸೆ ತೋರಿಸ್ಬ್ಯಾಡ್ರಿ."

ಕೆಂಚಕ್ಕ ಹರಿದ ಎಳೆಗಳನ್ನು ಒಂದೊಂದಾಗಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 13, ಭಾನುವಾರ

ಶೆಡ್ಡಿಗೆ ಹೋಗಲಿಲ್ಲ. ತಲೆನೋವು ಅಂದೆ.

ಅಕ್ಟೋಬರ್ 24, ಗುರುವಾರ

ಕೆಂಚಕ್ಕ ಬಂದಿದ್ದರು. ಮೂಳೆ ಕೂಡಿದೆಯಾ ನೋಡಲು ಮತ್ತೆ ಎಕ್ಸ್‌ರೇ. ಜೊತೆಗೆ ಪಾಲಾಕ್ಷ. ನಮಸ್ಕಾರ, ಅಷ್ಟೇ.

ಪರದೆಯ ಮೇಲೆ ಚಿತ್ರ ಮೂಡಿತು. ಮೂಳೆ ಚೆನ್ನಾಗಿ ಕೂಡಿದೆ. ಅದನ್ನು ಹಿಡಿದು ನಿಂತ ಲೋಹದ ಪಟ್ಟಿ, ಮೂಳೆಯೊಳಗೆ ಇಳಿದ ದಪ್ಪ ಸ್ಕ್ರೂ. ಇಂಥವು ದಿನಾ ನೋಡುತ್ತೇನೆ. ಇವತ್ತು ನೋಡಿ ಪೆಚ್ಚಾದೆ. ಈ ಹೆಂಗಸು ಎದ್ದು ನಿಂತಿರುವುದೇ ಲೋಹದ ಬಲದಿಂದ. ಅವರ ಮೂಳೆಗೆ ಬೇಕಾದದ್ದು ನನ್ನ ಮರಕ್ಕೆ ಕಡಿಮೆಯಾಯಿತಾ?

ಪಾಲಾಕ್ಷನನ್ನು ಒಳಗೆ ಕರೆದು ತೋರಿಸಿದೆ. ತುಂಬ ಹೊತ್ತು ನೋಡಿದ. ಕಣ್ಣು ಒರೆಸಿಕೊಂಡ.

"ಇದು ಅಲ್ಲಾಡಲ್ವಾ, ಮೇಡಂ?"

"ಅಲ್ಲಾಡಲ್ಲ. ನಿಮ್ಮ ಅವ್ವ ಗಟ್ಟಿಯಾಗಿದಾರೆ. ಗಟ್ಟಿ ಇಲ್ದೇ ಇದ್ದದ್ದು ನನ್ನ ಚೌಕಟ್ಟು. ನಮ್ಮ ತಮ್ಮ ಬೋಲ್ಟ್ ಹಾಕು ಅಂದ, ನಾನು ಜಂಬ ಮಾಡ್ದೆ. ಈಗ ಹಾಕ್ತೀನಿ. ಆದ್ರೆ ನೆಲಕ್ಕೆ ಹೆಂಗೆ ಹಿಡಿಸೋದು, ಅದೊಂದು ತಿಳೀತಿಲ್ಲ."

ಬಾಗಿಲ ತನಕ ಹೋಗಿ ತಿರುಗಿ ನಿಂತ.

"ನಾನು ಮಾಡೋ ಕೆಲ್ಸ ಏನು ಗೊತ್ತಾ ಮೇಡಂ ನಿಮಗೆ?"

"ಸೋಲಾರ್..."

"ಬಯಲಲ್ಲಿ ಪ್ಯಾನಲ್ ಕಾಲು ನೆಲಕ್ಕೆ ಹಿಡಿಸ್ತೀನಿ. ಎಂಥಾ ಗಾಳಿಗೂ ಕದಲಬಾರ್ದು, ಹಂಗೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಹೊರಗೆ ಕೆಂಚಕ್ಕ ಕೂಗಿದರು – "ಲೇ ಪಾಲಾಕ್ಷ, ಬಸ್ ಹೋಗ್ತೈತೆ ಬಾರೋ!"

ಅಕ್ಟೋಬರ್ 27, ಭಾನುವಾರ

"ಬೋಲ್ಟ್ ಕೊಡು" ಅಂದೆ. ಶಹನವಾಜ್ ಇಡೀ ಗ್ಯಾರೇಜಿಗೆ ಕೇಳುವಂತೆ "ಏನ್ ಕೊಡ್ಲಿ ಆಪಾ?" ಅಂದ. ಎರಡು ಸಲ ಹೇಳಿಸಿದ. ಹೇಳಿದೆ. ಕಚ್ಚು ನನ್ನದು, ಮೇಲೆ ಬೋಲ್ಟ್ ಅವನದು. ಗಾದ್ರಪ್ಪನವರು ಅಡ್ಡಪಟ್ಟಿಯನ್ನು ಓರೆಯಾಗಿ ಹಿಡಿದು ತೋರಿಸಿದರು – ಕರುವಿನ ಕಾಲು ಮುರಿದರೆ ಕಟ್ಟುವ ದಬ್ಬೆಯ ಹಾಗೆ. ಹಾಗೇ ಹಾಕಿದೆವು.

ಈಗ ಅದು ಚೆಂದವಾಗಿಲ್ಲ. ಗಟ್ಟಿಯಾಗಿದೆ. ಪರವಾಗಿಲ್ಲ. ಉಹೂಂ, ಚೆಂದವಾಗಿಯೂ ಇದೆ.

ನವೆಂಬರ್ 10, ಭಾನುವಾರ

ಮೊಳಕಾಲ್ಮೂರು. ಪಾಲಾಕ್ಷ ಡ್ರಿಲ್ ತಂದಿದ್ದ. ತಾನೇ ಹಾಕಿಸಿದ ಸಿಮೆಂಟಿಗೆ ತಾನೇ ತೂತು ಕೊರೆದ. ಧೂಳಿನಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ. ಕಬ್ಬಿಣದ ಕೊಂಡಿ ಇಳಿಸಿ, ಬಿಗಿದು, ಎದ್ದು ನಿಂತು ಚೌಕಟ್ಟಿಗೆ ಜೋರಾಗಿ ಒದ್ದ. ಕಾಲು ಹಿಡಿದುಕೊಂಡು ಕುಂಟಿದ. ಎಲ್ಲರೂ ನಕ್ಕೆವು, ಕೆಂಚಕ್ಕನೂ. ಇಷ್ಟು ದಿನದಲ್ಲಿ ಅವರು ನಕ್ಕಿದ್ದು ನೋಡಿದ್ದು ಇವತ್ತೇ.

ಆಸನಕ್ಕೆ ಎರಡೂ ಕಡೆ ಹಿಡಿಕೆ ಇಟ್ಟಿದ್ದೇನೆ. ಕೂತರು, ಎದ್ದರು. ಮತ್ತೆ ಕೂತರು, ಎದ್ದರು. ಪಾಲಾಕ್ಷ ಪಕ್ಕದಲ್ಲೇ, ಕೈ ಚಾಚಿಕೊಂಡು. ನಾಲ್ಕನೇ ಸಲಕ್ಕೆ ಕೈ ಇಳಿಸಿದ.

ಇವತ್ತು ನೇಯಲಿಲ್ಲ. ಹರಿದ ಎಳೆಗಳನ್ನು ಮತ್ತೆ ಕೂಡಿಸಬೇಕಂತೆ, ದಿನಗಟ್ಟಲೆ ಕೆಲಸ. ಅಲ್ಲದೆ ಕೆಂಚಕ್ಕ ಖಡಾಖಂಡಿತವಾಗಿ ಹೇಳಿಬಿಟ್ಟರು: "ಮೊದ್ಲು ನಾನೊಬ್ಳೇ ಕೂತು ನೋಡ್ತೀನಿ. ಕಿಟಕಿ ಹಾಕ್ಕೊಂಡು. ನೀವ್ಯಾರೂ ಇರಬ್ಯಾಡ್ರಿ. ಬೇಜಾರಾಗ್ಬ್ಯಾಡ್ರಮ್ಮಾ."

ಬೇಜಾರಾಯಿತು. ಆದರೆ ಸರಿಯೇ.

ನವೆಂಬರ್ 14, ಗುರುವಾರ. ಮಧ್ಯಾಹ್ನ

ಕರೆಂಟ್ ಹೋಗಿದೆ. ಮೆಷಿನ್ ಬಂದ್. ಹೊರಗೆ ಪೇಷೆಂಟ್‌ಗಳ ಸಾಲು, ನಾನು ಸುಮ್ಮನೆ ಬರೆಯುತ್ತ...

ಫೋನ್. ಪಾಲಾಕ್ಷ. ಹಲೋ ಅಂದೆ. ಉತ್ತರವಿಲ್ಲ. ಇನ್ನೊಮ್ಮೆ ಹಲೋ. ಕೆಂಚಕ್ಕ ಮತ್ತೆ ಬಿದ್ದರಾ? ಆಮೇಲೆ ಅವನು ಪಿಸುಗುಟ್ಟಿದ:

"ಮಾತಾಡ್ಬ್ಯಾಡ್ರಿ ಮೇಡಂ. ಕಿಟಕಿ ಹೊರಗಡೆ ನಿಂತಿದೀನಿ. ಅವ್ವಂಗೆ ಗೊತ್ತಿಲ್ಲ. ಕೇಳ್ರಿ."

ಟಕ್. ಟಕ್. ನಿಲ್ಲಿಸಿದರು. ಟಕ್... ಮತ್ತೆ. ಹಲಗೆ ಬಡಿಯುತ್ತಿದೆ, ಲಾಳಿ ಓಡುತ್ತಿದೆ, ಚೌಕಟ್ಟು ಕಿರ್ ಎನ್ನುತ್ತಿಲ್ಲ. ಫೋನ್ ಕಿವಿಗೊತ್ತಿಕೊಂಡೇ ಬರೆಯುತ್ತಿದ್ದೇನೆ. ಈಗ ಒಂದೇ ಸಮನೆ. ಕೆಂಚಕ್ಕ ಏನೋ ಗುನುಗುತ್ತಿದ್ದಾರೆ, ತೆಲುಗಿನಲ್ಲಿ, ತಿಳಿಯುತ್ತಿಲ್ಲ.

ಕರೆಂಟ್ ಬಂತು. ಬಾಗಿಲು ತಟ್ಟುತ್ತಿದ್ದಾರೆ. ಬಂದೆ ಅಂದೆ. ಬರ್ತೀನಿ, ಇನ್ನೊಂದು ಚೂರು, ಇನ್ನೊಂದು