ಪೈಪಿನ ಬಾಯಿಗೆ ಕಟ್ಟಿದ ಹೂವು

ನನ್ನ ತಮ್ಮ ಸೀನ,

ಒಂದು ಭಾನುವಾರ ಬೆಳಗ್ಗೆ ನಾನು ಜಗಲಿಯಲ್ಲಿ ಕವನದ ಪುಸ್ತಕ ಹಿಡಿದು ಕೂತಿದ್ದೆ. ನೀನು ಉದ್ದದ ಪಿವಿಸಿ ಪೈಪು ತಂದು ನನ್ನ ಮಡಿಲಿಗೇ ಹಾಕಿದೆ, ನೆನಪಿದೆಯಾ? "ಎಂ.ಎ. ಓದಿದೀಯಲ್ಲ, ಗಟ್ಟಿಯಾಗ್ ಹಿಡ್ಕೋ ಅಕ್ಕ," ಎಂದು ಗರಗಸ ಎಳೆದೆ. ಪುಸ್ತಕದ ತುಂಬ ಬಿಳಿ ಪುಡಿ. ಟೊಮೆಟೊ ಕ್ರೇಟು ತುಂಬಿದ ನಿನ್ನ ಪಿಕಪ್ಪು ತಾಯಲೂರು ಕಡೆಯ ದಿಣ್ಣೆಯಲ್ಲಿ ಏದುಸಿರು ಬಿಡುತ್ತಿದ್ದ ಕಾಲ. "ಇಂಜಿನ್ ಪಕ್ಕದ ಬಿಸಿಗಾಳೀನೇ ಕುಡೀತಾ ಇದೆ ಕಣಕ್ಕ ಇದು. ತಣ್ಣಗಿರೋ ಗಾಳಿ ಕೊಟ್ರೆ ಯಾಕ್ ಹತ್ತಲ್ಲ?" ಎಂದಿದ್ದೆ.

ಮೊದಲು ಪೈಪಿನ ಬಾಯಿಯನ್ನು ಚಕ್ರದ ಹತ್ತಿರ ಬಿಟ್ಟು ಪೆಟ್ಟು ತಿಂದೆ. ಒಂದೇ ವಾರಕ್ಕೆ ಫಿಲ್ಟರು ಕೆಮ್ಮಣ್ಣಿನ ಮುದ್ದೆಯಾಯಿತು. ಆಮೇಲೆ ಪೈಪನ್ನು ಕ್ಯಾಬಿನ್ನಿನ ಹಿಂದಿನಿಂದ ತಲೆಯ ಮೇಲಕ್ಕೆ ಏರಿಸಿದೆ. ಸೇರುವ ಕಡೆಗೆಲ್ಲ ಹಳೇ ಸೈಕಲ್ ಟ್ಯೂಬು ಬಿಗಿದೆ. ಬಾಯಿಗೆ ಧೂಳು ತಡೆಯಲೆಂದು ಕಟ್ಟಿದ್ದು ನಾನು ರಾಗಿ ಹಾಲು ಸೋಸುತ್ತಿದ್ದ ಬಟ್ಟೆ, ಕೇಳದೇ ಕದ್ದದ್ದು. ಮೆಕ್ಯಾನಿಕ್ ನಯಾಜ್ ಬಂದು ಸುತ್ತ ಒಂದು ಸುತ್ತು ಹಾಕಿದ. "ಏನಕ್ಕಾ, ನಿಮ್ ತಮ್ಮ ಗಾಡಿಗೆ ಸೊಂಡಿಲು ಅಂಟಿಸವ್ನೆ. ಕಂಪನಿಯೋರೆಲ್ಲ ಪಾಗಲ್ ಅಂದ್ಕೊಂಡವ್ನಾ?" ನೀನು ಲೋಡು ತುಂಬಿ, ನಮ್ಮಿಬ್ಬರನ್ನೂ ಕೂರಿಸಿಕೊಂಡು ದಿಣ್ಣೆಗೆ ಬಿಟ್ಟೆ. "ಚೂಡಕ್ಕಾ, ನೋಡು! ಮೂರನೇ ಗೇರಲ್ಲೇ ಹತ್ತುತ್ತಾ ಇದೆ!" ಎಂದು ಕೂಗಿದೆ. ನಯಾಜ್ ಗೇರಿನ ಕೋಲನ್ನೇ ನೋಡುತ್ತಾ ಕೂತಿದ್ದ.

ಕೋಲಾರದ ಆಸ್ಪತ್ರೆಯಲ್ಲಿ ಆ ಕೊನೆಯ ದಿನ ನಿನ್ನ ಮೂಗಿಗೆ ಮಾಸ್ಕು ಹಾಕಿದ್ದರು. ಚಿಕ್ಕಂದಿನಿಂದ ಇದ್ದ ಉಬ್ಬಸ ಅಷ್ಟು ದೂರ ಹೋಗುತ್ತದೆ ಎಂದು ಯಾರಿಗೆ ಗೊತ್ತಿತ್ತು? ನೀನು ಮಾಸ್ಕು ಸರಿಸಿ ಹೇಳಿದ್ದು ಮಕ್ಕಳ ಮಾತಲ್ಲ, ಮನೆಯ ಮಾತಲ್ಲ. "ಶನಿವಾರ ಶನಿವಾರ ಆ ಸೋಸೋ ಬಟ್ಟೆ ಒಗೀ ಅಕ್ಕ. ಪೈಪಿನ ಬಾಯಿ ಮಾತ್ರ ಮುಚ್ಬೇಡ." ಆಯ್ತು ಎಂದೆ. ಗಾಡಿಗೆ ಇಷ್ಟೆಲ್ಲ ಗಾಳಿಯ ದಾರಿ ಹುಡುಕಿದವನಿಗೆ ನಾನು... ಬೀಸಣಿಗೆ ಬೀಸಿದೆ. ಅದೊಂದೇ ನನ್ನಿಂದ ಆದದ್ದು.

ನಿನಗೆ ಗೊತ್ತಿಲ್ಲದ ಸುದ್ದಿ ಒಂದಿದೆ. ನಿನ್ನ ಹೆಂಡತಿ ಸುಜಾತ ಗಾಡಿ ಕಲಿತಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀಟನ್ನು ಮುಂದಕ್ಕೆ ಎಳೆದುಕೊಂಡು, ಕೋಲಾರದ ಮಂಡಿಗೆ ಅವಳೇ ಲೋಡು ಹೊಡೆಯುತ್ತಾಳೆ. ಪಕ್ಕದಲ್ಲಿ ಕೂರುವುದು ನಾನು. ಶನಿವಾರ ತಪ್ಪದೆ ಬಟ್ಟೆ ಒಗೆದೆ, ಸೀನ. ಅದನ್ನಂತೂ ಮಾಡಿದೆ.

ಆಯುಧಪೂಜೆ ಬಂತು. ವರ್ಷ ತುಂಬದ ಮನೆಗೆ ಹಬ್ಬವಿಲ್ಲ. ಒಲೆಯ ಮೇಲೆ ಒಬ್ಬಟ್ಟಿನ ಬಾಣಲೆ ಏರಲಿಲ್ಲ. ಅನ್ನ ಹಾಕುವ ಗಾಡಿಗೂ ಹಬ್ಬ ಬೇಡವೇ ಎನ್ನಿಸಿತು. ತೊಳೆದೆ. ನೀನೇ ಅಲ್ಲಿ ನಿಂತಿದ್ದೀಯ ಅನ್ನಿಸಿ ಮೊದಲ ಪೂಜೆ ನಿನ್ನ ಪೈಪಿಗೆ ಮಾಡಿದೆ. ಬಟ್ಟೆಯ ಮೇಲೆ ದಪ್ಪಗೆ ಅರಿಸಿನ ಬಳಿದು ಕುಂಕುಮವಿಟ್ಟೆ. ಅದರ ಮೇಲೆ ಚೆಂಡುಹೂವಿನ ಹಾರವನ್ನು ಮೂರು ಸುತ್ತು ಸುತ್ತಿದೆ. ಎಷ್ಟು ಚೆನ್ನಾಗಿ ಕಾಣುತ್ತಿತ್ತು!

ಮರುದಿನ ಬೆಳಗ್ಗೆ ದಿಣ್ಣೆಯ ಅರ್ಧಕ್ಕೆ ಗಾಡಿ ಕಪ್ಪು ಹೊಗೆ ಕಾರಿತು. ಗೇರು ಇಳಿಸಿದರೂ ಎಳೆಯಲಿಲ್ಲ. ಇಂಜಿನ್ನು ನಿಂತು, ಲೋಡಿನ ಭಾರಕ್ಕೆ ಹಿಂದಕ್ಕೆ ಜಾರತೊಡಗಿತು. "ಕಲ್ಲು ಇಡಿ ಅತ್ತಿಗೆ, ಕಲ್ಲು!" ಸುಜಾತ ಬ್ರೇಕಿನ ಮೇಲೆ ನಿಂತೇ ಬಿಟ್ಟಿದ್ದಳು. ನಾನು ಹಾರಿ, ಸಿಕ್ಕಿದ ಕಲ್ಲನ್ನು ಚಕ್ರದ ಹಿಂದೆ ತಳ್ಳಿದೆ. ಗಾಡಿ ನಿಂತಿತು. ಅವಳು ಬ್ರೇಕಿನಿಂದ ಕಾಲು ತೆಗೆಯದೆಯೇ ನಯಾಜ್‌ಗೆ ಫೋನು ಮಾಡಿದಳು.

ನಯಾಜ್ ಬಂದು ಮೇಲೆ ಹತ್ತಿ ನೋಡಿದ. ಅರಿಸಿನ ಒಣಗಿ ಬಟ್ಟೆ ಹಲಗೆಯಾಗಿತ್ತು. ಸಡಿಲಾದ ಹಾರ ಅದಕ್ಕೆ ಕಚ್ಚಿಕೊಂಡಿತ್ತು. ಅವನು ನನ್ನ ಮುಖ ನೋಡಲಿಲ್ಲ. "ಪೈಪಿಂದೇನೂ ತಪ್ಪಿಲ್ಲ ಬೆಹೆನ್," ಎಂದು ಸುಜಾತಳಿಗೆ ಹೇಳಿದ, "ಇದನ್ನ ತೆಗೆದ್ರೆ ಮೊದ್ಲಿನ ಹಂಗೇ ಎಳೀತದೆ."

"ನಂಗೆ ಈ ನಾಜೂಕೆಲ್ಲ ಬೇಡ ಭಾಯ್. ಮನೇಲಿ ಎರಡು ಮಕ್ಕಳವೆ. ಕಂಪನಿಯೋರ ಗಾಳಿ ಡಬ್ಬಾನೇ ಹಾಕಿ."

ನಾನು ಏನೆನ್ನಲಿ? ದಿನಾ ಆ ದಿಣ್ಣೆ ಹತ್ತಬೇಕಾದವಳು ಅವಳು. ಮುಚ್ಚಬೇಡ ಎಂದದ್ದನ್ನು ಹೂವಿನಿಂದ ಮುಚ್ಚಿದವಳು ನಾನು. ನಯಾಜ್ ಒಂದೊಂದೇ ಟ್ಯೂಬು ಬಿಚ್ಚುವಾಗ ಸ್ಪ್ಯಾನರು ಕೊಡುತ್ತಾ ನಿಂತೆ.

ಈಗ ದಿಣ್ಣೆಯನ್ನು ಎರಡನೇ ಗೇರಿನಲ್ಲಿ ಹತ್ತುತ್ತೇವೆ. ನಿಧಾನ, ಆದರೂ ಹತ್ತುತ್ತದೆ. ಪೈಪು ಜಗಲಿಯ ಮೂಲೆಯಲ್ಲಿ ಒರಗಿದೆ. ಇವತ್ತು ಶನಿವಾರ. ಕೈ ಸುಮ್ಮನಿರಲಿಲ್ಲ, ಬಟ್ಟೆ ಒಗೆದು ಹರವಿದ್ದೇನೆ. ಅರಿಸಿನದ ಕಲೆ ಹೋಗಿಲ್ಲ. ಸಂಜೆಯೊಳಗೆ ಒಣಗುತ್ತದೆ.

ಒಣಗಿದ ಮೇಲೆ ಎಲ್ಲಿ ಕಟ್ಟಲಿ, ಸೀನ?

ನಿನ್ನ ಅಕ್ಕ