ಕೆಂಪು ಕಾರಿನ ಬ್ರೇಕು

ಬಾಲಾನಗರ, ಹೈದರಾಬಾದ್
೨೨ ಏಪ್ರಿಲ್ ೨೦೨೪

ಚಿ. ಸೌ. ಭಕ್ತಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಯುಗಾದಿಗೆ ಮೊದಲೇ ಬಂತು. ಉತ್ತರ ತಡವಾಯಿತು, ಸಿಟ್ಟಾಗಬೇಡವ್ವ. ಕೈತುಂಬ ಪಾಲಿಶ್, ಬ್ರೇಕ್ ಆಯಿಲ್. ಕಾಗದ ಮುಟ್ಟಿದರೆ ಕಪ್ಪಾಗುತ್ತಿತ್ತು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅವ್ವ ಸ್ಪೀಕರ್ ಹಚ್ಚಿ ಪಕ್ಕದಲ್ಲೇ ಕೂಡುತ್ತಾಳೆ.

ನಮ್ಮ ಕೆಂಪು ಸ್ಪೋರ್ಟ್ಸ್ ಕಾರಿನ ಕೆಲಸ ಅಂತೂ ಮುಗಿಯಿತು. ಹನ್ನೊಂದು ವರ್ಷದ ಹಿಂದೆ ಗುಜರಿಯಿಂದ ತಂದಾಗ ಅದರೊಳಗೆ ಬೆಕ್ಕು ಮರಿ ಹಾಕಿತ್ತು, ನೆನಪಿದೆಯಲ್ಲ? ಈಗ ಬಾಗಿಲಿಗೆ ಹೊಸ ರಬ್ಬರ್ ಬಿದ್ದಿದೆ, ಬಂಪರ್ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಸ್ಟೀರಿಂಗಿಗೆ ನಾನೇ ಚರ್ಮ ಹೊಲಿದೆ. ಈ ಭಾನುವಾರ ನಮ್ಮ ಮದುವೆಗೆ ನಲವತ್ತು ವರ್ಷ. ಮೊದಲ ಸವಾರಿ ನಿನ್ನ ಅವ್ವನದು, ಬೇಗಂಪೇಟೆಯ ತನಕ ನಾನೇ ಓಡಿಸಿಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಬ್ರೇಕ್ ಮಾತ್ರ ಮನಸ್ಸಿಗೆ ಹಿಡಿಸಲಿಲ್ಲ. ಒತ್ತಿದರೆ ಕಾಲಿಗೆ ಏನೂ ತಾಗಿದಂತೆ ಅನಿಸುತ್ತಿರಲಿಲ್ಲ. ಪೈಪಿನಲ್ಲಿ ಗಾಳಿ ಸೇರಿದೆ ಎಂದುಕೊಂಡೆ. ಅದನ್ನು ತೆಗೆಯಲು ಇಬ್ಬರು ಬೇಕು: ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಗಾಲಿಯ ಹತ್ತಿರ ಮಲಗಿ ನಟ್ ಸಡಿಲಿಸಬೇಕು. ನಿನ್ನ ಅವ್ವ ಸೀರೆ ಎತ್ತಿ ಕಟ್ಟಿ ಒಳಗೆ ಕೂತಳು. “ಒತ್ತ... ಹಿಡಿ... ಬಿಡ” ಎಂದು ನಾನು ಕೆಳಗಿನಿಂದ ಕೂಗಿದೆ.

“ನಲವತ್ತು ವರ್ಷದಾಗ ನೀವು ಹೇಳಿದಂಗ ನಾ ಕೇಳಿದ್ದು ಇವತ್ತ ನೋಡ್ರಿ!” ಎಂದಳು.

“ಪೆಡಲ್ ಹ್ಯಾಂಗದ?”

“ಕಲ್ಲಿನಂಗ ಗಟ್ಟಿ ಅದರಿ.”

ನಾನು ನಂಬಲಿಲ್ಲ. ಮೂರು ಸಲ ಬಿಚ್ಚಿದೆ. ಹಿಂದಿನ ಬ್ರೇಕ್ ಶೂಗಳನ್ನೂ ಬದಲಿಸಿದೆ. ಕಡೆಗೆ ಪಕ್ಕದ ಶೆಡ್ಡಿನ ಮೆಕ್ಯಾನಿಕ್ ಬಂಡೆಪ್ಪ ಒಂದು ಸುತ್ತು ಓಡಿಸಿ ಬಂದು ಬೈದ: “ಮಾಮಾ, ಬ್ರೇಕ್ ಭಾಳ ಛಲೋ ಐತಿ. ಇನ್ನೊಮ್ಮೆ ಬಿಚ್ಚಿದ್ರ ನಿಮ್ಮ ಸ್ಪ್ಯಾನರ್ ಪಾನಾ ಎಲ್ಲಾ ಕಸಗೊಂಡು ಹೋಗ್ತೀನಿ.”

ಅದಕ್ಕೇ ಒಂದು ಕೇಳಿಕೆ. ಶನಿವಾರ ಕಲಬುರಗಿಯಿಂದ ಬಾ. ಭಾನುವಾರ ನೀನು ಓಡಿಸು, ಅವ್ವ ಪಕ್ಕದಲ್ಲಿ ಕೂಡಲಿ. ಇರುವುದು ಎರಡೇ ಸೀಟು. ನಾನು ಗೇಟಿನಲ್ಲಿ ನಿಂತು ನೋಡುತ್ತೇನೆ. ನಿನಗೆ ಡ್ರೈವಿಂಗ್ ಕಲಿಸಿದವನು ನಾನೇ ಅಲ್ಲವೇ, ನಿನ್ನ ಕಾಲಿನ ಮೇಲೆ ನನಗೆ ಭರವಸೆ ಇದೆ.

ಅಳಿಯಂದಿರಿಗೂ ಆಶೀರ್ವಾದ ತಿಳಿಸು. ಎಲ್ಲರೂ ಸುಖವಾಗಿರಿ.

ನಿನ್ನ ಅಪ್ಪ,
ಗೋಪಿನಾಥ

ತಾ.ಕ.: ಸೀಟಿನ ಮಾತು ನೆಪ. ಬಂಡೆಪ್ಪ ಹೋದ ಮೇಲೆ ನಾನೂ ಓಣಿಯಲ್ಲಿ ಒಂದು ಸುತ್ತು ಹಾಕಿದೆ. ಕಾರು ನಿಂತಿತು, ನಿಲ್ಲಿಸಿದ್ದು ನನ್ನ ಕಾಲು ಎಂಬುದು ನನಗೇ ತಿಳಿಯಲಿಲ್ಲ. ಇಳಿದು ಅಂಗಳ ದಾಟಿ ಮನೆಯೊಳಗೆ ಬಂದೆ. ಬಲಗಾಲಿನ ಚಪ್ಪಲಿ ಕಾರಿನಲ್ಲೇ ಉಳಿದಿತ್ತಂತೆ. ನಡುಹಗಲಿನ ಬಿಸಿಲಿಗೆ ಕಾದ ಅಂಗಳದ ಶಹಾಬಾದ್ ಹಾಸುಗಲ್ಲು ಕಾಲಿಗೆ ಸುಡಲೇ ಇಲ್ಲ, ಅಂಗಾಲಿನ ಬೊಬ್ಬೆಯನ್ನು ಸಂಜೆ ಕಣ್ಣಿನಿಂದ ಕಂಡೆ. ಸಕ್ಕರೆ ಬ್ಯಾನಿ ಕಾಲಿಗಿಳಿದು ಸ್ಪರ್ಶ ಹೋಗಿದೆ ಎಂದರು ಡಾಕ್ಟರು. ಅವ್ವನಿಗೆ ಹೇಳಿಲ್ಲ. ಆದರೆ ಆ ಚಪ್ಪಲಿಯನ್ನು ತಂದು ನನ್ನ ಕಾಲ ಬಳಿ ಇಟ್ಟವಳು ಅವಳೇ.

ಬೇಗಂಪೇಟೆಯಿಂದ ಬಂದ ಮೇಲೆ, ಬ್ರೇಕ್ ಒತ್ತಿದಾಗ ಕಾಲಿಗೆ ಹೇಗನಿಸಿತು ಅಂತ ನನಗೆ ಸಾವಕಾಶ ಹೇಳು.