ಸೀಟಿ ಕೇಳಿದರೆ ಜಿಪ್

ಏಪ್ರಿಲ್ 6, ಬೆಳಿಗ್ಗೆ

ಇವನಿಗೆ ಟಿಫಿನ್ ಕಟ್ಟಿ ಕಳಿಸಿ ಈಗಷ್ಟೇ ಕೂತೆ. ಗೇಟ್ ದಾಟಿದವನು ವಾಪಸ್ ಬಂದು ಸೀಟಿ ಮರೆತೆ ಅಂದ. ಸೀಟಿ ಕೊರಳಲ್ಲೇ ಇತ್ತು! ನನ್ನನ್ನು ಇನ್ನೊಮ್ಮೆ ನೋಡೋಕೆ ನೆಪ. ಅಡುಗೆಮನೆಯಿಂದ ಅತ್ತೆ, "ಹೀಗೆ ದಿನಾ ಮರೀತಿದ್ರೆ ಕೆಲ್ಸದಿಂದ ತೆಗೀತಾರೆ ಕಣೋ" ಅಂದರು. ನಾಚಿಕೆಯಿಂದ ಭೂಮಿಗಿಳಿದುಹೋದೆ. ಸೋ ಹ್ಯಾಪಿ.

ನದಿ ಗಾರ್ಡ್‌ನ ಹೆಂಡತಿ ನಾನು. ನೀರಿಲ್ಲದ ನದಿಗೆ ಗಾರ್ಡ್ ಯಾಕೆ ಅಂತ ಫ್ರೆಂಡ್ಸ್ ನಗುತ್ತಾರೆ. ಮರಳಿನ ಮೇಲೆ ಟೆಂಟ್ ಹಾಕಬಾರದು, ಬೆಂಕಿ ಹಚ್ಚಬಾರದು — ಈ ತಿಂಗಳಿಂದ ಹೊಸ ರೂಲ್. ದಡದ ಒಣಹುಲ್ಲಿಗೆ ಒಂದು ಕಿಡಿ ಸಾಕು. ಮೇಲೆ ಬೆಟ್ಟದಲ್ಲಿ ಮಳೆಯಾದರೆ, ಇಲ್ಲಿ ಬಿಸಿಲಿದ್ದರೂ ನೀರು ನುಗ್ಗುತ್ತದಂತೆ. ಪೂರ್ ಥಿಂಗ್, ಇದನ್ನು ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದಾನೆ.

ಏಪ್ರಿಲ್ 11

ಸಂಜೆ ಇವನ ಜೊತೆ ರೌಂಡ್ಸ್‌ಗೆ ಹೋಗಿದ್ದೆ. ಬೆಸ್ಟ್ ಡೇಟ್ ಎವರ್... ನದಿಯ ತಿರುವಿನಲ್ಲಿ ಇವನು ಸೀಟಿ ಊದಿದ್ದೇ ತಡ, ಮರಳಲ್ಲಿ ಬೀಡುಬಿಟ್ಟಿದ್ದ ಅಷ್ಟೂ ಟೆಂಟ್‌ನವರು ಬೆಂಕಿಯ ಮೇಲೆ ಮರಳು ಸುರಿದು, ಲೈಟ್ ಆರಿಸಿ, ಜಿಪ್ ಎಳೆದುಕೊಂಡು ಒಳಗೆ ಗಪ್‌ಚುಪ್. ದಂಡ ತಪ್ಪಿಸಿಕೊಳ್ಳುವ ಟ್ರಿಕ್. ಒಳಗೆ ಯಾರೂ ಇಲ್ಲವಂತೆ! ಒಂದರಲ್ಲಿ ಯಾರೋ ಸೀನಿದರು. ಇವನು ಹೊರಗಿನಿಂದಲೇ, "ಖಾಲಿ ಟೆಂಟಿಗೆ ಶೀತ ಆಗಿದೆ ನೋಡು" ಅಂದ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಏಪ್ರಿಲ್ 19

ಬರೆಯಬೇಕು. ಏನು ಅಂತ ಗೊತ್ತಿಲ್ಲ.

ನಿನ್ನೆ... ಅಲ್ಲ, ಮೊನ್ನೆ. ಬೆಳಗಿನ ಜಾವ ಮೇಲಿನ ಚೆಕ್‌ಪೋಸ್ಟ್‌ನಿಂದ ಫೋನ್ ಬಂತು, ನೀರು ಹೊರಟಿದೆ ಅಂತ. ಡ್ಯೂಟಿ ಇರಲಿಲ್ಲ. ಆದರೂ ಓಡಿದ. "ಮಲಕ್ಕೋ, ಬಂದೆ" ಅಂದ. ಮಲಗಿದೆ.

ಟೆಂಟ್‌ನವರೆಲ್ಲ ಬದುಕಿದ್ದಾರೆ. ಇವನು ಸಿಕ್ಕಿಲ್ಲ.

ಏಪ್ರಿಲ್ 20

ಆ ದಿನ ಟೆಂಟ್‌ನಲ್ಲಿದ್ದ ಒಬ್ಬ ಹೆಂಗಸು ಬಂದಿದ್ದಳು. ಅತ್ತೆ ಕುರ್ಚಿ ಹಾಕಿದರು. ಕೂರಲಿಲ್ಲ.

"ಅಣ್ಣನ ಸೀಟಿ ಕೇಳಿಸ್ತಮ್ಮ. ದಂಡ ಹಾಕೋಕೆ ಬಂದ್ರು ಅಂತ ಜಿಪ್ ಎಳ್ಕೊಂಡು ಸುಮ್ನೆ ಮಲಗಿದ್ವಿ."

ಎಲ್ಲರೂ ಹಾಗೇ ಮಾಡಿದರಂತೆ. ಇವನು ಒಂದೊಂದೇ ಟೆಂಟ್ ಹರಿದು, ಕೈ ಹಿಡಿದೆಳೆದು, ದಡಕ್ಕೆ ಅಟ್ಟಿದನಂತೆ. ಕೊನೆಯದಕ್ಕೆ ಹೋಗುವಾಗ ನೀರು ಸೊಂಟದವರೆಗೆ ಬಂದಿತ್ತಂತೆ. ಆ ಟೆಂಟ್‌ನವರು ಹಿಂದಿನ ದಿನವೇ ಊರಿಗೆ ಹೋಗಿದ್ದರಂತೆ.

ಕಾಫಿ ಕುಡೀತೀರಾ ಅಂತ ಕೇಳಿದೆ. ನನ್ನ ಧ್ವನಿ ಚೆನ್ನಾಗೇ ಇತ್ತು. ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಹಾಲು ಉಕ್ಕಿ ಒಲೆಯೆಲ್ಲ ಆಯಿತು, ನೋಡುತ್ತ ನಿಂತಿದ್ದೆ.

ಏಪ್ರಿಲ್ 23

ನೀರು ಇಳಿದು ಮರಳು ಕಾಣುತ್ತಿದೆ. ಇನ್ನು ಹುಡುಕುವುದು ಸುಲಭ ಅಂದರು ಮಾವ. ಅಂದವರೇ ಗೋಡೆಯ ಕಡೆ ತಿರುಗಿದರು.

ಹುಡುಕಲು ಹೊರಟ ಜೀಪಿನವರು ಹೊರಗೆ ಕಾಯುತ್ತಿದ್ದಾರೆ. ಯಾವ ಬಣ್ಣದ ಶರ್ಟ್ ಹಾಕಿದ್ದ ಅಂತ ಕೇಳಿದರು. ಯೂನಿಫಾರ್ಮ್ ಇಲ್ಲೇ ಇದೆ. ಆವತ್ತು ಕತ್ತಲಿತ್ತು, ನಾನು ಕಣ್ಣೇ ಬಿಟ್ಟಿರಲಿಲ್ಲ. ನೀಲಿ ಅಂದೆ. ಒಳಗೆ ಬಂದರೆ ನೀಲಿ ಬಾಗಿಲ ಹಿಂದೆ ನೇತಾಡುತ್ತಿದೆ. ಬೀರು ತೆಗೆದು ಎಲ್ಲವನ್ನೂ ಮಂಚದ ಮೇಲೆ ಹರಡಿದ್ದೇನೆ. ಬಿಳಿ ಇದೆ. ಚೌಕಳಿ ಇದೆ. ಇಲ್ಲಿ ಇಲ್ಲದಿರುವುದು ಯಾವುದು ಅಂತ...